ಕುರಿ ಪುಪ್ಪುಸದ ನೀರುಗುಳ್ಳೆ, ನಾಯಿ, ನಮ್ಮ ಎದೆ

ವಿ.ಸಿ. ಫಾರಂಗೆ ಬರೋ ಹುಡುಗರು ಬಂಡೂರು ಕುರಿಯ ಮೇವು, ಲಸಿಕೆ, ಮರಿ ರೇಟು ಎಲ್ಲ ಕೇಳ್ತಾರೆ. ಹಟ್ಟಿ ಕಾಯೋ ನಾಯಿ ಬಗ್ಗೆ ಕೇಳಿದವರನ್ನ ನಾನು ಕಂಡಿಲ್ಲ. ಈ ವಾರ ಅದೇ ವಿಷಯ.

ವಯಸ್ಸಾದ ಕುರಿ ಕೊಯ್ದಾಗ ಪುಪ್ಪುಸದಲ್ಲೋ ಲಿವರ್‌ನಲ್ಲೋ ನೀರು ತುಂಬಿದ ಬಿಳಿ ಗುಳ್ಳೆ ಸಿಗುತ್ತೆ. 'ಇದು ತಿನ್ನೋಕಾಗಲ್ಲ' ಅಂತ ಕಿತ್ತು, ಕಾದು ಕೂತಿರೋ ನಾಯಿಗೆ ಎಸೀತೀವಿ. ಚಿಕ್ಕವನಿದ್ದಾಗ ನಾನೂ ಎಸೆದಿದ್ದೇನೆ. ಅದು ಹೈಡಾಟಿಡ್ ಗುಳ್ಳೆ. ಅದರೊಳಗೆ ಎಕಿನೊಕಾಕಸ್ ಅನ್ನೋ ಲಾಡಿಹುಳುವಿನ ಮರಿಗಳಿರುತ್ತವೆ. ನಾಯಿಯ ಕರುಳಲ್ಲಿ ಅವು ಬೆಳೆದು, ಸುಮಾರು ಆರೇಳು ವಾರಕ್ಕೆ ಹೇಲಿನ ಜೊತೆ ಮೊಟ್ಟೆ ಹೊರಗೆ ಬೀಳುತ್ತೆ. ಹುಳ ಒಂದು ಸೆಂಟಿಮೀಟರ್ ಕೂಡ ಇರಲ್ಲ, ಕಣ್ಣಿಗೆ ಬೀಳೋದೇ ಕಷ್ಟ. ನಾಯಿ ಮಾತ್ರ ಗಟ್ಟಿಮುಟ್ಟಾಗೇ ಓಡಾಡಿಕೊಂಡಿರುತ್ತೆ.

ಆ ಮೊಟ್ಟೆ ಹುಲ್ಲಿಗೆ ಬಿದ್ದರೆ ಕುರಿಗೆ. ನಾಯಿ ಮೈದಡವಿದ ಕೈಯಿಂದಲೋ ತೊಳೆಯದ ಸೊಪ್ಪಿನಿಂದಲೋ ಬಾಯಿಗೆ ಹೋದರೆ ನಮಗೆ. ಮಾಂಸ ತಿಂದರೆ ಈ ರೋಗ ಬರಲ್ಲ, ಒಬ್ಬರಿಂದ ಒಬ್ಬರಿಗೂ ಅಂಟಲ್ಲ. ಬಾಡೂಟಕ್ಕೆ ಹೆದರಬೇಕಿಲ್ಲ!

ಮನುಷ್ಯರಲ್ಲಿ ಗುಳ್ಳೆ ಹೆಚ್ಚಾಗಿ ಲಿವರ್‌ನಲ್ಲಿ, ಆಮೇಲೆ ಶ್ವಾಸಕೋಶದಲ್ಲಿ. ವರ್ಷಗಟ್ಟಲೆ ಗೊತ್ತೇ ಆಗದೆ ಬೆಳೆಯುತ್ತೆ. ಕೆಮ್ಮು, ಎದೆನೋವು, ಏದುಸಿರು, ಕಫದಲ್ಲಿ ರಕ್ತ ಕಂಡಾಗ ಟಿಬಿ ಅಂದುಕೊಳ್ಳೋದು ಸಹಜ. ಕೆಮ್ಮಿದಾಗ ಇದ್ದಕ್ಕಿದ್ದಂತೆ ಉಪ್ಪುಪ್ಪು ನೀರು, ದ್ರಾಕ್ಷಿ ಸಿಪ್ಪೆಯಂಥ ಪೊರೆ ಬಂದರೆ ಗುಳ್ಳೆ ಒಡೆದಿರಬಹುದು. ಆ ನೀರಿನ ಅಲರ್ಜಿಯಿಂದ ಜೀವಕ್ಕೇ ಅಪಾಯ, ತಕ್ಷಣ ಆಸ್ಪತ್ರೆಗೆ ಹೋಗಿ. ಡಾಕ್ಟರಿಗೆ 'ಕುರಿ, ನಾಯಿ ಸಾಕಿದೀವಿ' ಅಂತ ನೀವೇ ಹೇಳಿ. ಆ ಒಂದು ಮಾತಿಂದ ಎಕ್ಸ್‌ರೇ ನೋಡೋ ರೀತಿ ಬದಲಾಗುತ್ತೆ. ಸಿ.ಟಿ. ಸ್ಕ್ಯಾನ್‌ನಲ್ಲಿ ಇನ್ನೂ ಸ್ಪಷ್ಟವಾಗುತ್ತೆ.

ಶ್ವಾಸಕೋಶದ ಗುಳ್ಳೆಗೆ ಮುಖ್ಯ ಚಿಕಿತ್ಸೆ ಆಪರೇಷನ್. ಪಕ್ಕೆಲುಬುಗಳ ನಡುವೆ ಎದೆ ತೆರೆದು, ಗಾಢ ಉಪ್ಪುನೀರಿನಂಥ ಹುಳು ಸಾಯಿಸೋ ದ್ರಾವಣದಲ್ಲಿ ನೆನೆಸಿದ ಬಟ್ಟೆಯನ್ನ ಸುತ್ತ ಹಾಸ್ತಾರೆ. ಒಂದು ಹನಿ ಚೆಲ್ಲಿದರೂ ಅಲ್ಲಿ ಹೊಸ ಗುಳ್ಳೆ ಹುಟ್ಟಬಹುದು, ಅದಕ್ಕೇ ಇಷ್ಟು ಎಚ್ಚರ. ಗುಳ್ಳೆಯನ್ನ ಇಡಿಯಾಗಿಯೋ, ನೀರು ಹೀರಿದ ಮೇಲೆ ಪೊರೆಯನ್ನೋ ತೆಗೆದು, ಗಾಳಿ ಸೋರೋ ಬಾಯಿಗಳಿಗೆ ಹೊಲಿಗೆ ಹಾಕ್ತಾರೆ. ಶ್ವಾಸಕೋಶವನ್ನ ಆದಷ್ಟೂ ಉಳಿಸ್ತಾರೆ. ಕೆಲವು ದಿನ ಎದೆಗೆ ಟ್ಯೂಬ್ ಇರುತ್ತೆ. ಆಮೇಲೆ ಆಲ್ಬೆಂಡಜೋಲ್ ಮಾತ್ರೆ, ನಡುನಡುವೆ ರಕ್ತಪರೀಕ್ಷೆ. ಹಟ್ಟಿಯಲ್ಲಿ ಕುರಿಗೆ ತಂದಿಟ್ಟ ಆಲ್ಬೆಂಡಜೋಲನ್ನ ಆಪರೇಷನ್‌ಗೆ ಮೊದಲೇ ನೀವಾಗಿ ನುಂಗಬೇಡಿ. ಪೊರೆ ಸಡಿಲವಾಗಿ ಗುಳ್ಳೆ ಒಡೆದೀತು.

ಹಟ್ಟಿಯಲ್ಲಿ ಮಾಡೋದು ಇಷ್ಟೇ. ಗುಳ್ಳೆ ಇರೋ ಪುಪ್ಪುಸ, ಲಿವರ್ ಸುಡಿ, ಇಲ್ಲವೇ ನಾಯಿ ಕೆದಕದಷ್ಟು ಆಳಕ್ಕೆ ಹೂಳಿ. ನಾಯಿಗೆ ಪಶುವೈದ್ಯರನ್ನ ಕೇಳಿ, ತೂಕಕ್ಕೆ ತಕ್ಕಂತೆ ಪ್ರಾಜಿಕ್ವಾಂಟೆಲ್ ಮಾತ್ರೆ ಆರು ವಾರಕ್ಕೊಮ್ಮೆ ಹಾಕಿ, ಮೊಬೈಲಲ್ಲಿ ರಿಮೈಂಡರ್ ಇಟ್ಕೊಳ್ಳಿ. ಮಾತ್ರೆ ಹಾಕಿದ ಎರಡು-ಮೂರು ದಿನ ನಾಯಿ ಕಟ್ಟಿಹಾಕಿ, ಅದರ ಹೇಲನ್ನೂ ಸುಟ್ಟುಬಿಡಿ. ಮಾತ್ರೆಗೆ ಹುಳ ಸಾಯುತ್ತೆ, ಮೊಟ್ಟೆ ಸಾಯಲ್ಲ.