ಗೆರೆ ಎಲ್ಲಿ ಎಳೆಯುವುದು?

ಮಕ್ಕಳೇ, ಮನೆ ಪಾಲಾಗುವುದನ್ನು ನೀವು ನೋಡಿರಲಿಕ್ಕಿಲ್ಲ. ಅಜ್ಜ ಅಜ್ಜಿಯನ್ನು ಕೇಳಿ, ಹೇಳುತ್ತಾರೆ. ಗದ್ದೆಯನ್ನು ಅಳೆದು ಹಂಚಬಹುದು, ಪಾತ್ರೆಗಳನ್ನು ಎಣಿಸಿ ಹಂಚಬಹುದು. ಹಿತ್ತಲಿನ ಬಾವಿಯನ್ನು ಹಂಚುವುದು ಹೇಗೆ? ಬ್ರಿಟನ್ ದೇಶವು ಯುರೋಪಿಯನ್ ಒಕ್ಕೂಟವನ್ನು ಬಿಟ್ಟು ಹೊರಟಾಗಲೂ ಇಂಥದೇ ಪ್ರಶ್ನೆ ಎದುರಾಯಿತು.

ಈ ಒಕ್ಕೂಟದ ದೇಶಗಳ ನಡುವೆ ಸರಕಿಗೆ ಸುಂಕವಿಲ್ಲ. ಒಂದು ದೇಶದವರು ಇನ್ನೊಂದರಲ್ಲಿ ದುಡಿಯಬಹುದು, ನೆಲೆಸಬಹುದು. ಬ್ರಿಟನ್ ಈ ಕೂಟ ಸೇರಿದ್ದು 1973ರಲ್ಲಿ. ‘ನಮ್ಮ ಕಾನೂನು ನಮ್ಮ ಕೈಯಲ್ಲೇ ಇರಬೇಕು’ ಎಂಬ ಕೂಗು ಅಲ್ಲಿ ಬರಬರುತ್ತಾ ಬಲವಾಯಿತು. 2016ರ ಜೂನ್ 23ರಂದು ಜನರನ್ನೇ ಕೇಳಲಾಯಿತು. ಮತ ಹಾಕಿದ 100 ಜನರಲ್ಲಿ ಸುಮಾರು 52 ಮಂದಿ ‘ಹೊರಡೋಣ’ ಎಂದರು. ಇದಕ್ಕೇ ‘ಬ್ರೆಕ್ಸಿಟ್’ ಎಂದು ಹೆಸರು.

ಮಾತುಕತೆಗೆ ಇದ್ದ ಗಡುವು 2 ವರ್ಷ. ಒಕ್ಕೂಟದ ಪರವಾಗಿ ಕುಳಿತವರು ಫ್ರಾನ್ಸಿನ ಮಿಶೆಲ್ ಬಾರ್ನಿಯೆ. ಬ್ರಿಟನ್ ಕೊಡಬೇಕಾದ ಹಣದ ಲೆಕ್ಕ, ಅತ್ತಿತ್ತ ನೆಲೆಸಿದ್ದವರ ಹಕ್ಕು, ಇವೆರಡೂ ಹೇಗೋ ಬಗೆಹರಿದವು. ಸಿಕ್ಕಾದದ್ದು ಐರ್ಲೆಂಡ್.

ಐರ್ಲೆಂಡ್ ಒಂದೇ ದ್ವೀಪ. ಉತ್ತರದ ಭಾಗ ಬ್ರಿಟನ್ನಿಗೆ ಸೇರಿದೆ. ಉಳಿದದ್ದು ಸ್ವತಂತ್ರ ಐರ್ಲೆಂಡ್, ಅದು ಒಕ್ಕೂಟದಲ್ಲೇ ಉಳಿಯಿತು. ನಡುವಿನ ಗಡಿ ಸುಮಾರು 500 ಕಿಲೋಮೀಟರ್. ಉತ್ತರದ ಹಸುಗಳ ಹಾಲು ಗಡಿ ದಾಟಿ ದಕ್ಷಿಣದ ಡೈರಿಗಳಿಗೆ ಹೋಗುತ್ತದೆ. ಅಲ್ಲಿ ಸುಂಕದ ಕಟ್ಟೆ ಕಟ್ಟಿಬಿಟ್ಟರೆ ಆಯಿತಲ್ಲ ಎನ್ನುತ್ತೀರಾ? ಉತ್ತರ ಐರ್ಲೆಂಡಿನ ಅಜ್ಜ ಅಜ್ಜಿಯರಿಗೆ ಆ ಗಡಿಯಲ್ಲಿ ಸೈನಿಕರು ಬಂದೂಕು ಹಿಡಿದು ನಿಂತಿದ್ದ ದಿನಗಳು ಇನ್ನೂ ನೆನಪಿವೆ. ಸುಮಾರು 30 ವರ್ಷಗಳ ಹಿಂಸೆಯಲ್ಲಿ 3,500ರಷ್ಟು ಜನ ಸತ್ತಿದ್ದರು. 1998ರ ಒಪ್ಪಂದದಿಂದ ಶಾಂತಿ ಬಂದಿತ್ತು. ಗಡಿಯಲ್ಲಿ ಮತ್ತೆ ಕಾವಲು ಹಾಕಲು ಯಾರಿಗೂ ಧೈರ್ಯವಿರಲಿಲ್ಲ.

ಪ್ರಧಾನಿ ಥೆರೆಸಾ ಮೇ ತಂದ ಒಪ್ಪಂದವನ್ನು ಬ್ರಿಟನ್ನಿನ ಸಂಸತ್ತು 2019ರಲ್ಲಿ 3 ಸಲ ತಿರಸ್ಕರಿಸಿತು. ಅವರು ಹುದ್ದೆ ಬಿಟ್ಟರು. ನಂತರ ಬಂದ ಬೋರಿಸ್ ಜಾನ್ಸನ್ ಬೇರೆ ದಾರಿಗೆ ಒಪ್ಪಿದರು: ದ್ವೀಪದ ನಡುವೆ ತಪಾಸಣೆ ಬೇಡ, ಬ್ರಿಟನ್ನಿನಿಂದ ಸಮುದ್ರ ದಾಟಿ ಉತ್ತರ ಐರ್ಲೆಂಡಿಗೆ ಬರುವ ಸರಕನ್ನು ಬಂದರಿನಲ್ಲಿ ನೋಡೋಣ. 2020ರ ಜನವರಿ 31ರಂದು ಬ್ರಿಟನ್ ಹೊರಬಂತು. ವ್ಯಾಪಾರದ ಒಪ್ಪಂದ ಕುದುರಿದ್ದು ಅದೇ ವರ್ಷ ಕ್ರಿಸ್‌ಮಸ್ ಹಿಂದಿನ ದಿನ.

‘ನಮ್ಮದೇ ದೇಶದೊಳಗೆ ತಪಾಸಣೆಯೇ?’ ಎಂದು ಉತ್ತರ ಐರ್ಲೆಂಡಿನ ಹಲವರು ಸಿಟ್ಟಾದರು. ಆದ್ದರಿಂದ 2023ರಲ್ಲಿ ನಿಯಮಗಳನ್ನು ಮತ್ತೆ ತಿದ್ದಬೇಕಾಯಿತು.

ಇಂದು ಐರ್ಲೆಂಡಿನಲ್ಲಿ ಕಾರಿನಲ್ಲಿ ಹೋಗುವವರಿಗೆ ಗಡಿ ದಾಟಿದ್ದು ಗೊತ್ತಾಗುವುದು ರಸ್ತೆಯ ಫಲಕದಿಂದ. ಉತ್ತರದಲ್ಲಿ ವೇಗದ ಮಿತಿ ಮೈಲಿಯಲ್ಲಿ, ದಕ್ಷಿಣದಲ್ಲಿ ಕಿಲೋಮೀಟರಿನಲ್ಲಿ. ಅಷ್ಟೇ ವ್ಯತ್ಯಾಸ ಉಳಿಯಲಿ ಎಂದೇ ಅಷ್ಟು ವರ್ಷ ಮಾತುಕತೆ ನಡೆಯಿತು.