ಒಂದು ಗ್ರಾಂ ಸಕ್ಕರೆ, ನೂರೈವತ್ತು ಲೀಟರ್ ನೀರು

ಕೆರಗೋಡು ಕಡೆ ಕಬ್ಬು ಬೆಳೆಯುವವರಿಗೆ ಸಕ್ಕರೆ ಕಾರ್ಖಾನೆಯ ಹೊಗೆ ಗೊತ್ತು, ವಾಸನೆಯೂ ಗೊತ್ತು. ಒಳಗೆ ಓಡಾಡುವ ನೀರಿನ ವಿಚಾರ ಮಾತ್ರ ಅಷ್ಟಾಗಿ ಗೊತ್ತಿಲ್ಲ. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿದ್ದೇ ನಾಲೆಯ ನೀರನ್ನು ನಂಬಿ. ಆ ನೀರು ಕಬ್ಬಿನ ಬುಡಕ್ಕಷ್ಟೇ ಅಲ್ಲ, ಯಂತ್ರಕ್ಕೂ ಬೇಕು.

ಆಲೆಮನೆಯ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ನೂರು ಡಿಗ್ರಿ ದಾಟಿ ಕುದಿಯುತ್ತದೆ. ಕಾರ್ಖಾನೆಯಲ್ಲಿ ಪಾಕ ಕುದಿಸುವ ಪ್ಯಾನಿನೊಳಗೆ ಗಾಳಿ ಹೀರಿ ತೆಗೆದಿರುತ್ತಾರೆ. ಪಾಕ 65 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ, ಕರಕಾಗುವುದಿಲ್ಲ. ಏಳುವ ಆವಿಯನ್ನು ತಣ್ಣೀರು ಸುರಿದು ಇಳಿಸಬೇಕು. ಹಾಗೆ ಬಿಸಿಯಾದ ನೀರನ್ನು ಕೊಳದ ಮೇಲೆ ಕಾರಂಜಿಯಂತೆ ಚಿಮ್ಮಿಸಿ, ಆರಿಸಿ, ಮತ್ತೆ ಬಳಸುತ್ತಾರೆ. ಆದರೆ ಆವಿಯ ಜೊತೆ ಪಾಕದ ಸಣ್ಣ ಹನಿಗಳೂ ಹಾರಿ ಬಂದಿರುತ್ತವೆ. ಕೊಳ ತುಂಬಿ ಹೊರಬಿದ್ದ ನೀರು ಹಳ್ಳ ಸೇರಿದರೆ ಆ ಸಕ್ಕರೆಯೂ ಹಳ್ಳ ಸೇರಿತು.

ಸಕ್ಕರೆ ತಾನೇ, ವಿಷವಲ್ಲವಲ್ಲ? ಬ್ಯಾಕ್ಟೀರಿಯಾಗಳಿಗೆ ಅದು ಹಬ್ಬದೂಟ. ಒಂದು ಗ್ರಾಂ ಸಕ್ಕರೆಯನ್ನು ಪೂರ್ತಿ ಅರಗಿಸಿಕೊಳ್ಳಲು ಅವಕ್ಕೆ ಸುಮಾರು 1.1 ಗ್ರಾಂ ಆಮ್ಲಜನಕ ಬೇಕು. 30 ಡಿಗ್ರಿಯ ನೀರಿನಲ್ಲಿ ಕರಗಿರಬಲ್ಲದ್ದು ಲೀಟರಿಗೆ 7.5 ಮಿಲಿಗ್ರಾಂ. ಲೆಕ್ಕ ಹಾಕಿ: ಚಿಟಿಕೆ ಸಕ್ಕರೆಗೆ 150 ಲೀಟರ್ ನೀರಿನ ಉಸಿರು ಖಾಲಿ. ನೀರು ಬಿಸಿಯಾದಷ್ಟೂ ಆಮ್ಲಜನಕ ಇನ್ನೂ ಕಡಿಮೆ, ಬ್ಯಾಕ್ಟೀರಿಯಾಗಳ ಹಸಿವು ಇನ್ನೂ ಹೆಚ್ಚು.

ಆಮ್ಲಜನಕದ ಈ ಜಮಾ–ಖರ್ಚನ್ನು ಸಮೀಕರಣಕ್ಕಿಳಿಸಿದವರು ಸ್ಟ್ರೀಟರ್ ಮತ್ತು ಫೆಲ್ಪ್ಸ್, 1925ರಲ್ಲಿ, ಅಮೆರಿಕದ ಒಹಾಯೊ ನದಿಯನ್ನು ಮುಂದಿಟ್ಟುಕೊಂಡು. ಇಂದಿನ ಕಂಪ್ಯೂಟರ್ ಮಾದರಿಗಳಿಗೂ ಅದೇ ತಳಹದಿ. ಮೇಲಿನ ಗದ್ದೆ ತುಂಬಿ ಕೆಳಗಿನ ಗದ್ದೆಗೆ ನೀರು ಇಳಿಯುವುದಿಲ್ಲವೇ, ಹಾಗೆ ಹಳ್ಳವನ್ನು ತುಂಡು ತುಂಡಾಗಿ ಭಾಗಿಸುತ್ತಾರೆ. ಪ್ರತಿ ತುಂಡಿಗೂ ಪ್ರಶ್ನೆ ಒಂದೇ: ಮೇಲಿನಿಂದ ಎಷ್ಟು ಕೊಳೆ ಬಂತು, ಬ್ಯಾಕ್ಟೀರಿಯಾ ಎಷ್ಟು ಆಮ್ಲಜನಕ ತಿಂದವು, ಗಾಳಿಯಿಂದ ಎಷ್ಟು ವಾಪಸ್ ಬಂತು?

ಉತ್ತರ ನಮ್ಮ ಊಹೆಗೆ ತಿರುಗುಮುರುಗು. ಆಮ್ಲಜನಕ ತೀರಾ ತಳ ಮುಟ್ಟುವುದು ಕೊಳೆ ನೀರು ಹಳ್ಳಕ್ಕೆ ಬೀಳುವ ಪೈಪಿನ ಬಾಯಲ್ಲಲ್ಲ, ಅಲ್ಲಿಂದ ಎಷ್ಟೋ ಕೆಳಗೆ. ಬ್ಯಾಕ್ಟೀರಿಯಾ ತಿಂದು ಬೆಳೆಯಲು ಹೊತ್ತು ಹಿಡಿಯುತ್ತದೆ, ಅಷ್ಟರಲ್ಲಿ ನೀರು ಹರಿದು ಮುಂದಿನ ಊರು ಸೇರಿರುತ್ತದೆ. ನಾಲೆ ನಿಂತು ಹಳ್ಳ ಸೊರಗಿದಾಗ ಬೆರೆಸಿ ತೆಳುವಾಗಿಸಲು ನೀರೂ ಇರುವುದಿಲ್ಲ.

ಇನ್ನೊಂದು ಸಂಗತಿ. ಪಾಚಿ, ಜೊಂಡು ಆಮ್ಲಜನಕ ಕೊಡುವುದು ಬಿಸಿಲಿದ್ದಾಗ ಮಾತ್ರ; ರಾತ್ರಿ ಅವೂ ಉಸಿರಾಡುತ್ತವೆ. ಅದಕ್ಕೇ ಮೀನು ಸತ್ತು ತೇಲುವುದು ಹೆಚ್ಚಾಗಿ ಬೆಳಗಿನ ಜಾವ. ನೀರಿನ ಮಾದರಿ ತರಲು ಬಾಟಲಿ ಹಿಡಿದು ಹೊರಡುವವರು ದಯವಿಟ್ಟು ಹೊತ್ತು ಹುಟ್ಟುವ ಮೊದಲೇ ಹೋಗಿ, ಪೈಪಿನ ಹತ್ತಿರ ನಿಲ್ಲದೆ ಹಳ್ಳದ ಗುಂಟ ಇಳಿದು ನೋಡಿ.