ಮಾರ್ಲವಾಯಿಯಲ್ಲಿ ಸಿಕ್ಕ ಪಾಠ

ನಮ್ಮ ದೇಶದಲ್ಲಿ ಸಮಾಜಕಾರ್ಯ ವೃತ್ತಿಯಾದದ್ದು ಯಾವಾಗ? ಎಂ.ಎಸ್.ಡಬ್ಲ್ಯೂ. ಓದುವ ಯಾರನ್ನು ಕೇಳಿದರೂ 1936, ಮುಂಬಯಿ, ಸರ್ ದೊರಾಬ್ಜಿ ಟಾಟಾ ಶಾಲೆ ಎನ್ನುತ್ತಾರೆ. ಸರಿಯೇ. ಆದರೆ ಏನನ್ನಾದರೂ ಕೊಡುವ ಮೊದಲು ಜನರ ಮಾತು ಕೇಳಬೇಕೆಂಬ ಬುದ್ಧಿ ಹೈದರಾಬಾದ್ ಸಂಸ್ಥಾನಕ್ಕೆ ಬಂದದ್ದು ಗುಂಡು ಹಾರಿಸಿದ ಮೇಲೆ.

1940ರಲ್ಲಿ ಆದಿಲಾಬಾದಿನ ಜೋಡೆಘಾಟಿನಲ್ಲಿ ಗೊಂಡ ಬುಡಕಟ್ಟಿನ ನಾಯಕ ಕೊಮರಂ ಭೀಮ್ ನಿಜಾಮನ ಪೊಲೀಸರ ಗುಂಡಿಗೆ ಬಲಿಯಾದರು. ಅವರು ಎಬ್ಬಿಸಿದ್ದ ದಂಗೆ ಅಡಗಿತು, ಅದರ ಬೇರು ಉಳಿಯಿತು. ಆ ಬೇರು ಹುಡುಕಲು ಸರ್ಕಾರ ಒಬ್ಬ ಮಾನವಶಾಸ್ತ್ರಜ್ಞನ ಮೊರೆಹೋಯಿತು. ವಿಯೆನ್ನಾದ ಕ್ರಿಸ್ಟೋಫ್ ಫಾನ್ ಫ್ಯೂರರ್-ಹೈಮೆಂಡಾರ್ಫ್ ಯುದ್ಧದ ದೆಸೆಯಿಂದ ಬ್ರಿಟಿಷರ ಕಣ್ಣಿಗೆ ಶತ್ರುದೇಶದವರಾಗಿ ಹೈದರಾಬಾದಿನಲ್ಲೇ ಉಳಿಯಬೇಕಾಗಿದ್ದವರು. ಮೊದಲು ಚೆಂಚು ಬುಡಕಟ್ಟಿನವರ ನಡುವೆ ಇದ್ದರು. ಆಮೇಲೆ ಹೆಂಡತಿ ಬೆಟ್ಟಿಯ ಜೊತೆ ಗೊಂಡರ ಹಳ್ಳಿ ಮಾರ್ಲವಾಯಿಗೆ ಬಂದು ನೆಲೆಸಿದರು.

ಅಲ್ಲಿ ಕಂಡದ್ದು ಇದು: ಗೊಂಡರು ತಲೆಮಾರುಗಳಿಂದ ಉತ್ತ ಹೊಲಗಳನ್ನು ಮೀಸಲು ಅರಣ್ಯದ ಗೆರೆ ನುಂಗಿತ್ತು. ಉಳಿದದ್ದು ದಾಖಲೆಯಲ್ಲಿ ಹೊರಗಿನವರ ಹೆಸರಿಗೆ ಹೋಗುತ್ತಿತ್ತು. ಸರ್ಕಾರದ ಕಾಗದ ಉರ್ದುವಿನಲ್ಲಿ. ಓದಬಲ್ಲ ಗೊಂಡರು ಇಲ್ಲವೆನ್ನುವಷ್ಟು ಕಡಿಮೆ. ಕಲಬುರಗಿ, ಬೀದರ, ರಾಯಚೂರಿನ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅವರದೂ ಅದೇ ಸಂಸ್ಥಾನ, ಅದೇ ಉರ್ದು ಕಚೇರಿ. ತನ್ನ ಹೊಲದ ಕಾಗದವನ್ನು ಇನ್ನೊಬ್ಬನಿಂದ ಓದಿಸಿಕೊಳ್ಳುವವನ ಹೊಲ ಅರ್ಧ ಆ ಇನ್ನೊಬ್ಬನ ಕೈಯಲ್ಲೇ ಇದ್ದಂತೆ.

ಹಾಗಾಗಿ ಮದ್ದು ಎರಡು ಕಡೆಯಿಂದ ಆಗಬೇಕಿತ್ತು. ಒಂದು, ಉಳುವವನ ಹೆಸರಿಗೆ ಪಟ್ಟಾ. ಇನ್ನೊಂದು ಅಕ್ಷರ. 1943ರಲ್ಲಿ ಮಾರ್ಲವಾಯಿಯಲ್ಲೇ ಗೊಂಡ ಯುವಕರಿಗೆ ಶಿಕ್ಷಕ ತರಬೇತಿ ಶುರುವಾಯಿತು. ಪಾಠದ ಪುಸ್ತಕ ಗೊಂಡಿಯಲ್ಲಿ, ಲಿಪಿ ದೇವನಾಗರಿ. ಮೇಷ್ಟ್ರು ಊರಿನವನೇ ಆದ. ನನಗೆ ಇಡೀ ಕತೆಯಲ್ಲಿ ಇದೇ ದೊಡ್ಡ ಆವಿಷ್ಕಾರ. 'ಸಮುದಾಯ ಸಂಘಟನೆ' ಎಂದು ನಮ್ಮ ಪಠ್ಯಗಳು ಕರೆಯುವುದನ್ನು ಹೈಮೆಂಡಾರ್ಫ್ ಹೆಸರಿಡದೆ ಮಾಡಿದ್ದರು.

ಗೆಲುವು ಪೂರ್ತಿಯಾಗಲಿಲ್ಲ. 1970ರ ದಶಕದಲ್ಲಿ ಮರಳಿ ಬಂದಾಗ ಗೊಂಡರ ನೆಲ ಮತ್ತೆ ಕೈಜಾರುತ್ತಿರುವುದನ್ನು ಹೈಮೆಂಡಾರ್ಫ್ ಕಂಡರು; 1982ರ ತಮ್ಮ ಪುಸ್ತಕದಲ್ಲಿ ಅದನ್ನು ನೋವಿನಿಂದಲೇ ಬರೆದರು. ಜನರ ಪರ ಕೆಲಸ ಮಾಡಿದವರು ಹೋದ ಮೇಲೂ ಅವರ ಕೆಲಸವನ್ನು ಕಾಯುವವರು ಬೇಕಲ್ಲ!

ಬೆಟ್ಟಿ 1987ರಲ್ಲಿ ಹೈದರಾಬಾದಿನಲ್ಲಿ ತೀರಿಕೊಂಡರು, ಮಣ್ಣಾದದ್ದು ಮಾರ್ಲವಾಯಿಯಲ್ಲಿ. 1995ರಲ್ಲಿ ತೀರಿದ ಗಂಡನ ಚಿತಾಭಸ್ಮವೂ ಮುಂದೆ ಅವರ ಪಕ್ಕಕ್ಕೇ ಬಂತು. ಕ್ಷೇತ್ರಕಾರ್ಯಕ್ಕೆ ಹೊರಟ ವಿದ್ಯಾರ್ಥಿಗಳೇ, ಒಮ್ಮೆ ಆ ಸಮಾಧಿಗಳ ಹತ್ತಿರ ಹೋಗಿ. ಊರವರ ಜೊತೆ ಕೂತು ಅವರ ಮಾತು ಕೇಳಿ ಬನ್ನಿ.